ಹೋಬಳಿಯಲ್ಲಿ ಉಳಿದಿರುವವರು ಮೂವರು: ಕೃಷಿ ವಿಸ್ತರಣೆಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ಎರೆಭೂಮಿ ರೈತ, ಕಲಬುರಗಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ.

ನಾನು ಹನ್ನೊಂದು ಎಕರೆ ಎರೆ ಹೊಲದಲ್ಲಿ ತೊಗರಿ ಮತ್ತು ಹಿಂಗಾರಿ ಜೋಳ ಬೆಳೆಯುವ ರೈತ. ಎರಡು ವರ್ಷಗಳಿಂದ ಆತ್ಮ (ಕೃಷಿ ತಂತ್ರಜ್ಞಾನ ನಿರ್ವಹಣಾ ಸಂಸ್ಥೆ) ಯೋಜನೆಯ ತಾಲ್ಲೂಕು ರೈತ ಸಲಹಾ ಸಮಿತಿಯಲ್ಲಿ ಸದಸ್ಯನಾಗಿದ್ದೇನೆ. ಅನುದಾನ ಕಡಿಮೆಯಾಗಿರುವುದರಿಂದ ಹೋಬಳಿ ಮಟ್ಟದ ವಿಸ್ತರಣಾ ಕೆಲಸವನ್ನು, ಅಂದರೆ ರೈತರಿಗೆ ಕೃಷಿ ಸಲಹೆ ತಲುಪಿಸುವ ಕೆಲಸವನ್ನು, ಹೇಗೆ ಮರುಹೊಂದಿಸಬೇಕೆಂದು ನಮ್ಮ ಸಮಿತಿ ಬರಹದಲ್ಲಿ ಅಭಿಪ್ರಾಯ ಕೊಡಬೇಕಾಗಿದೆ. ಕರಡು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಅನುಭವಸ್ಥರ ಮಾತು ಕೇಳದೆ ಅದನ್ನು ಬರೆಯಲು ನನಗೆ ಮನಸ್ಸಿಲ್ಲ.

ನಮ್ಮ ರೈತ ಸಂಪರ್ಕ ಕೇಂದ್ರದ ವ್ಯಾಪ್ತಿಗೆ 28 ಹಳ್ಳಿಗಳು ಬರುತ್ತವೆ. ಮಣ್ಣಿನ ಪೋಷಕಾಂಶದ ಕೊರತೆ ನೀಗಿಸುವ ಭೂಚೇತನ ಯೋಜನೆ ನಡೆಯುತ್ತಿದ್ದ ಕಾಲದಲ್ಲಿ 500 ಹೆಕ್ಟೇರಿಗೆ ಒಬ್ಬರಂತೆ ಅನುವುಗಾರರಿದ್ದರು. ಊರಿನವರೇ ಆದ ಅವರು ಮಣ್ಣಿನ ಮಾದರಿ ತೆಗೆಯುವುದರಿಂದ ಹಿಡಿದು ಯಾವ ಹೊಲಕ್ಕೆ ಎಷ್ಟು ಸತು, ಎಷ್ಟು ಬೋರಾನ್, ಎಷ್ಟು ಜಿಪ್ಸಂ ಬೇಕೆಂದು ಹೇಳುವವರೆಗೆ ಎಲ್ಲವನ್ನೂ ಮನೆಬಾಗಿಲಲ್ಲೇ ಮಾಡುತ್ತಿದ್ದರು. ಯೋಜನೆ ಮುಗಿದು ಗೌರವಧನ ನಿಂತಿತು. ಅವರೂ ಬೇರೆ ಬೇರೆ ದುಡಿಮೆ ಹಿಡಿದರು. ಆತ್ಮ ಯೋಜನೆಯಲ್ಲಿ ಮೊದಲು ಶೇ 90 ಇದ್ದ ಕೇಂದ್ರದ ಪಾಲು ಶೇ 60ಕ್ಕೆ ಇಳಿದ ಮೇಲೆ ಉಳಿದದ್ದನ್ನು ರಾಜ್ಯವೇ ಹೊರಬೇಕಾಗಿದೆ. ನಮ್ಮ ಹೋಬಳಿಯಲ್ಲಿ ಆ ಯೋಜನೆಯ ಎರಡು ಗುತ್ತಿಗೆ ಹುದ್ದೆಗಳಿದ್ದ ಕಡೆ ಈಗ ಒಂದಿದೆ. ಒಟ್ಟಿನಲ್ಲಿ ಈಗ ಉಳಿದಿರುವವರು ಮೂವರು: ಎರಡು ಹೋಬಳಿಗಳ ಪ್ರಭಾರ ಹೊತ್ತಿರುವ ಒಬ್ಬ ಕೃಷಿ ಅಧಿಕಾರಿ, ಒಬ್ಬ ಸಹಾಯಕ ಕೃಷಿ ಅಧಿಕಾರಿ ಮತ್ತು ಗುತ್ತಿಗೆಯ ಮೇಲಿರುವ ಒಬ್ಬ ಸಹಾಯಕ ತಾಂತ್ರಿಕ ವ್ಯವಸ್ಥಾಪಕರು.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನನ್ನ ಹೊಲದ್ದೇ ಒಂದು ಉದಾಹರಣೆ ಹೇಳುತ್ತೇನೆ. ಕಳೆದ ವರ್ಷ ತೊಗರಿ ಹೂವಾಡುವ ಹೊತ್ತಿಗೆ ಬದುವಿನ ಪಕ್ಕದ ನಾಲ್ಕು ಸಾಲುಗಳು ಬಾಡತೊಡಗಿದವು. ಕೇಂದ್ರಕ್ಕೆ ಫೋನ್ ಮಾಡಿದೆ. ಅಧಿಕಾರಿಗಳು ಬೆಳೆ ವಿಮೆಯ ಕೆಲಸದಲ್ಲಿ ತಾಲ್ಲೂಕಿಗೆ ಹೋಗಿದ್ದರು, ಇನ್ನೊಬ್ಬರು ಇಳುವರಿ ಅಳೆಯುವ ಬೆಳೆ ಕಟಾವು ಪ್ರಯೋಗದಲ್ಲಿದ್ದರು. ಮೂರು ದಿನ ಕಾದು ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯವರು ಗಿಡವನ್ನೂ ನೋಡದೆ ಮೂರು ಬಾಟಲಿ ಕೊಟ್ಟರು, 2,700 ರೂಪಾಯಿ ಆಯಿತು. ಸಿಂಪಡಿಸಿದೆ. ನಾಲ್ಕು ಸಾಲು ಹತ್ತು ಸಾಲಾಯಿತು. ಹನ್ನೆರಡನೆಯ ದಿನ ಸಹಾಯಕ ಅಧಿಕಾರಿ ಬಂದು ಒಂದು ಗಿಡವನ್ನು ಕಿತ್ತು, ಬುಡದ ತೊಗಟೆಯನ್ನು ಚಾಕುವಿನಿಂದ ಸೀಳಿ, ಒಳಗೆ ಮೇಲ್ಮುಖವಾಗಿ ಹೋಗಿದ್ದ ಕಪ್ಪು ಗೆರೆಯನ್ನು ತೋರಿಸಿ, ಇದು ನೆಟೆ ರೋಗ, ಈಗ ಸಿಂಪಡಿಸಿ ಫಲವಿಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂದು ಅವರು ಮಧ್ಯಾಹ್ನದ ಊಟವನ್ನೂ ಮಾಡಿರಲಿಲ್ಲ.

ಸಮಿತಿಯ ಮುಂದೆ ಸದ್ಯಕ್ಕೆ ಮೂರು ಸಲಹೆಗಳಿವೆ. ಅಕ್ಕಪಕ್ಕದ ಎರಡು ಹೋಬಳಿಗಳ ಕೇಂದ್ರಗಳನ್ನು ಒಂದುಗೂಡಿಸುವುದು. ಹಳ್ಳಿ ಮಟ್ಟದ ಕೆಲಸವನ್ನು ಕೃಷಿ ಸಖಿಯರಿಗೆ, ಅಂದರೆ ತರಬೇತಿ ಪಡೆದ ಸ್ವಸಹಾಯ ಸಂಘದ ಮಹಿಳೆಯರಿಗೆ, ವಹಿಸುವುದು. ಭೇಟಿಗಳನ್ನು ನಿಲ್ಲಿಸಿ ಫೋನ್ ಮತ್ತು ವಾಟ್ಸ್‌ಆ್ಯಪ್ ಮೂಲಕವೇ ಸಲಹೆ ಕೊಡುವುದು. ಇವುಗಳಲ್ಲಿ ಯಾವುದನ್ನು ಒಪ್ಪಬೇಕು? ಇರುವ ಮೂವರಿಂದ ಯಾವ ಕೆಲಸವನ್ನು ಮಾಡಿಸಬೇಕು, ಯಾವುದನ್ನು ಬಿಡಿಸಬೇಕು?

ಉತ್ತರ 1: ನಿವೃತ್ತ ಕೃಷಿ ಅಧಿಕಾರಿ, ಹಾವೇರಿ ಜಿಲ್ಲೆ

ತಮ್ಮ ಪ್ರಶ್ನೆಯ ಕೊನೆಯ ವಾಕ್ಯವೇ ಸರಿಯಾದ ಪ್ರಶ್ನೆ. ಯಾವುದನ್ನು ಬಿಡಿಸಬೇಕು ಎಂಬುದನ್ನು ಮೊದಲು ನಿರ್ಧರಿಸಿದರೆ ಉಳಿದದ್ದು ತಾನಾಗಿಯೇ ದಾರಿಗೆ ಬರುತ್ತದೆ.

1984ರಲ್ಲಿ ನಾನು ಕೃಷಿ ಸಹಾಯಕನಾಗಿ ಸೇರಿದಾಗ ವಿಶ್ವಬ್ಯಾಂಕಿನ ನೆರವಿನ ತರಬೇತಿ ಮತ್ತು ಭೇಟಿ ಪದ್ಧತಿ ಜಾರಿಯಲ್ಲಿತ್ತು. ಇಸ್ರೇಲಿನ ಡೇನಿಯಲ್ ಬೆನೋರ್ ಎಂಬ ತಜ್ಞರು ರೂಪಿಸಿದ ಪದ್ಧತಿಯದು. ಒಬ್ಬ ಸಹಾಯಕನ ವ್ಯಾಪ್ತಿಯ ರೈತರನ್ನು ಎಂಟು ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿಗೂ ಹದಿನೈದು ದಿನಕ್ಕೊಮ್ಮೆ ನಿಗದಿಯಾದ ದಿನ ಭೇಟಿ ಕೊಡಬೇಕಿತ್ತು. ಪಾಕ್ಷಿಕ ತರಬೇತಿಗೆ ಬೇರೆಯೇ ದಿನವಿತ್ತು. ಅದರ ಇನ್ನೊಂದು ನಿಯಮವನ್ನು ಇಂದು ಎಲ್ಲರೂ ಮರೆತಿದ್ದಾರೆ: ವಿಸ್ತರಣಾ ಕಾರ್ಯಕರ್ತನಿಗೆ ಬೀಜ ಗೊಬ್ಬರ ಹಂಚುವ ಕೆಲಸವನ್ನಾಗಲಿ, ಸಾಲ ಸಹಾಯಧನದ ಕಾಗದಪತ್ರಗಳನ್ನಾಗಲಿ ವಹಿಸಕೂಡದು, ಅವನು ಹೊಲದ ಕೆಲಸವನ್ನು ಮಾತ್ರ ಮಾಡಬೇಕು ಎಂಬುದು.

ಆ ನಿಗದಿತ ದಿನದ ಮಹತ್ವ ನನಗೆ ಮನದಟ್ಟಾದದ್ದು ಸೇರಿದ ಎರಡನೆಯ ವರ್ಷ. ಗುರುವಾರ ನಾನು ಹೋಗುತ್ತಿದ್ದ ಊರಿನಲ್ಲಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಒದ್ದೆ ಬಟ್ಟೆಯ ಗಂಟೊಂದನ್ನು ಹಿಡಿದು ಕೂತಿದ್ದರು. ಗಂಟಿನೊಳಗೆ ಐದು ಹತ್ತಿ ಎಲೆಗಳಿದ್ದವು. ಮಂಗಳವಾರವೇ ಕಿತ್ತು, ಬಾಡಬಾರದೆಂದು ದಿನಕ್ಕೆರಡು ಸಲ ಬಟ್ಟೆಯನ್ನು ನೆನೆಸಿ ಇಟ್ಟುಕೊಂಡಿದ್ದರಂತೆ. ಎಲೆಯ ಅಡಿಯಲ್ಲಿ ಹಸಿರು ಜಿಗಿಹುಳುಗಳ ಗುರುತು ಇನ್ನೂ ಸ್ಪಷ್ಟವಾಗಿತ್ತು. ಅಂಗಡಿಗೆ ಹೋಗದೆ ಅವರು ಎರಡು ದಿನ ಕಾದದ್ದು ನಾನು ದೊಡ್ಡ ಪಂಡಿತನೆಂದಲ್ಲ, ಗುರುವಾರ ನಾನು ಬಂದೇ ಬರುತ್ತೇನೆಂಬ ಭರವಸೆಯಿಂದ. ತಾವು ಅಂಗಡಿಗೆ ಹೋದದ್ದು ಆ ಭರವಸೆ ಇರಲಿಲ್ಲವಾದ್ದರಿಂದ. ಮೂರು ದಿನ ಕಾದಿರಿ. ಎಂದು ಬರುತ್ತಾರೆಂದು ಗೊತ್ತಿದ್ದಿದ್ದರೆ ಆರು ದಿನವೂ ಕಾಯುತ್ತಿದ್ದಿರಿ.

ಆ ಪದ್ಧತಿಗೆ ಖರ್ಚು ಬಹಳವಿತ್ತು. ವಿಶ್ವಬ್ಯಾಂಕಿನ ಹಣ ನಿಂತ ಮೇಲೆ ಅಷ್ಟೊಂದು ಸಿಬ್ಬಂದಿಯನ್ನು ಸಾಕುವುದು ರಾಜ್ಯಗಳಿಗೆ ಕಷ್ಟವಾಯಿತು. 2000ದಲ್ಲಿ ರೈತಮಿತ್ರ ಯೋಜನೆಯಡಿ ಹೋಬಳಿಗೊಂದರಂತೆ ರೈತ ಸಂಪರ್ಕ ಕೇಂದ್ರಗಳು ಬಂದವು. ಇಂದು ರಾಜ್ಯದಲ್ಲಿ ಅಂಥವು 740ಕ್ಕೂ ಹೆಚ್ಚಿವೆ. ರೈತನಿಗೆ ಬೇಕಾದದ್ದೆಲ್ಲ ಒಂದೇ ಸೂರಿನಡಿ ಸಿಗಲಿ ಎಂಬ ಆಶಯ ಒಳ್ಳೆಯದೇ ಆಗಿತ್ತು. ಆದರೆ ಸಲಹೆಯೂ ಹಂಚಿಕೆಯೂ ಒಂದೇ ಮೇಜಿಗೆ ಬಂದಾಗ ಹಂಚಿಕೆ ಸಲಹೆಯನ್ನು ನುಂಗಿತು. ಮೇ ಕೊನೆಯ ವಾರದಿಂದ ಜೂನ್ ಮುಗಿಯುವವರೆಗೆ ಬೀಜದ ಸರದಿ, ಆಮೇಲೆ ತಾಡಪತ್ರಿ ಮತ್ತು ಸ್ಪ್ರಿಂಕ್ಲರ್ ಪೈಪಿನ ಅರ್ಜಿ, ಆಮೇಲೆ ವಿಮೆ, ಸಮೀಕ್ಷೆ, ಕಟಾವು ಪ್ರಯೋಗ. ಪಹಣಿ, ಆಧಾರ್, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ನೋಡುವುದರಲ್ಲೇ ಕೃಷಿ ಪದವೀಧರರೊಬ್ಬರ ದಿನ ಮುಗಿಯುತ್ತದೆ.

ಈಗ ತಮ್ಮ ನೆಟೆ ರೋಗಕ್ಕೆ ಬರೋಣ. ಅದರ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಗಿಡ ಬಾಡಿದ ಮೇಲೆ ಅಧಿಕಾರಿ ಮರುದಿನವೇ ಬಂದಿದ್ದರೂ ಆ ಸಾಲುಗಳು ಉಳಿಯುತ್ತಿರಲಿಲ್ಲ. ತಮ್ಮ 2,700 ರೂಪಾಯಿ ಮಾತ್ರ ಉಳಿಯುತ್ತಿತ್ತು. ಬೆಳೆಯನ್ನು ಉಳಿಸುವ ಮಾತು ಬಿತ್ತನೆಗೆ ಮೊದಲೇ ಆಗಬೇಕಿತ್ತು: ಹಿಂದಿನ ವರ್ಷ ಎಲ್ಲಿ ಬಾಡಿತ್ತು, ಅಲ್ಲಿ ಈ ವರ್ಷ ತೊಗರಿ ಬಿಟ್ಟು ಜೋಳ ಹಾಕಬಹುದೇ, ರೋಗ ತಡೆಯುವ ಟಿಎಸ್-3ಆರ್ ಅಥವಾ ಜಿಆರ್‌ಜಿ-811 ತಳಿಯ ಬೀಜ ಸಿಗುತ್ತದೆಯೇ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡಿದ್ದೀರಾ ಎಂದು. ಈ ಮಾತುಗಳನ್ನು ಆಡಬೇಕಾದ ವಾರಗಳು ಮತ್ತು ಬೀಜದ ಸರದಿಯ ವಾರಗಳು ಒಂದೇ. 2022ರ ಮುಂಗಾರಿನ ತೊಗರಿಯಲ್ಲಿ ಈ ರೋಗ ತಮ್ಮ ಜಿಲ್ಲೆಯಲ್ಲಿ ಎಷ್ಟು ಹಾನಿ ಮಾಡಿತೆಂಬುದು ತಮಗೇ ಗೊತ್ತಿದೆ. ಆಮೇಲೆ ಪರಿಹಾರ ಹಂಚುವುದಕ್ಕೂ ಇದೇ ಸಿಬ್ಬಂದಿ ಬೇಕಾಯಿತು.

ಆದ್ದರಿಂದ ನನ್ನ ಸಲಹೆ ಇಷ್ಟು. ಬೀಜ ಮತ್ತು ಸಾಮಗ್ರಿ ಮಾರಾಟವನ್ನು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೋ ರೈತ ಉತ್ಪಾದಕರ ಸಂಸ್ಥೆಗೋ ಪೂರ್ತಿಯಾಗಿ ಒಪ್ಪಿಸಿ. ಬಿತ್ತನೆಯ ಕಾಲದಲ್ಲಿ ಸಹಕಾರ ಸಂಘಗಳಲ್ಲಿ ಹೆಚ್ಚುವರಿ ಮಾರಾಟ ಕೇಂದ್ರ ತೆರೆಯುವ ವಾಡಿಕೆ ಈಗಲೂ ಇದೆ. ಅದನ್ನೇ ಕಾಯಂ ಮಾಡಬೇಕು. 28 ಹಳ್ಳಿಗಳನ್ನು ನಾಲ್ಕು ನಾಲ್ಕರಂತೆ ಏಳು ಗುಂಪು ಮಾಡಿ. ಸಹಾಯಕ ಅಧಿಕಾರಿ ಮತ್ತು ಗುತ್ತಿಗೆಯವರು, ಇಬ್ಬರೇ ಹಂಚಿಕೊಂಡರೂ ಹದಿನೈದು ದಿನದಲ್ಲಿ ಒಬ್ಬರಿಗೆ ಮೂರೋ ನಾಲ್ಕೋ ಭೇಟಿ ಬರುತ್ತದೆ. ಅದು ಹೆಚ್ಚೇನಲ್ಲ. ಆ ದಿನ ಜಿಲ್ಲೆಯಿಂದ ಸಭೆಗೆ ಕರೆ ಬಂದರೂ ಹೋಗದಿರಲು ಅವರಿಗೆ ಲಿಖಿತ ರಕ್ಷಣೆ ಬೇಕು. ಇದನ್ನು ತಮ್ಮ ಅಭಿಪ್ರಾಯದಲ್ಲಿ ದಯವಿಟ್ಟು ಅಡಿಗೆರೆ ಎಳೆದು ಬರೆಯಿರಿ. ನನ್ನ ಸೇವಾವಧಿಯಲ್ಲಿ ನಿಗದಿತ ಭೇಟಿಗಳನ್ನು ಕೊಂದದ್ದು ಹಣದ ಕೊರತೆಗಿಂತ ಹೆಚ್ಚಾಗಿ ತುರ್ತು ಸಭೆಗಳು.

ಕೇಂದ್ರಗಳನ್ನು ಒಂದುಗೂಡಿಸುವ ಸಲಹೆಯನ್ನು ಒಪ್ಪಬೇಡಿ. ಬಾಡಿಗೆ ಮತ್ತು ವಿದ್ಯುತ್ ಬಿಲ್ಲು ಉಳಿಯಬಹುದು. ಆ ಖರ್ಚು ರೈತನ ಬಸ್ಸಿನ ಚೀಟಿಗೆ ವರ್ಗವಾಗುತ್ತದೆ, ಅಷ್ಟೆ.

ಉತ್ತರ 2: ಕೃಷಿ ಸಖಿ, ಕೊಪ್ಪಳ ಜಿಲ್ಲೆ

ಹಿರಿಯರು ಹೇಳಿದ ಕಟ್ಟೆಯ ಮಾತನ್ನೇ ಮುಂದುವರಿಸುತ್ತೇನೆ. ಆ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದರೆಂದರೆ ಅವರು ಗಟ್ಟಿಗಿತ್ತಿ. ನಮ್ಮೂರಿನಲ್ಲಿ ಗುಡಿಯ ಕಟ್ಟೆಯ ಮೇಲೆ ಹೆಂಗಸರು ಕೂಡುವುದಿಲ್ಲ. ಬೀಜ ಆರಿಸುವವರು, ಕಳೆ ತೆಗೆಯುವವರು, ತೊಗರಿಯ ಕುಡಿ ಚಿವುಟುವವರು, ಮುಂದಿನ ವರ್ಷಕ್ಕೆ ಕಾಳು ಕಾಪಿಡುವವರು ನಾವು. ಸಲಹೆ ಮಾತ್ರ ಕಟ್ಟೆಯ ಮೇಲೆ ಗಂಡಸರ ಕಿವಿಗೆ ಬೀಳುತ್ತದೆ. ಅದು ಹೆಂಗಸರಿಗೂ ತಲುಪುವಂತಾದದ್ದೇ ಕೃಷಿ ಸಖಿಯರಿಂದ ಬಂದಿರುವ ದೊಡ್ಡ ಬದಲಾವಣೆ. ನಾನು ಸಂಘದ ಸಭೆಯನ್ನು ರಾತ್ರಿ ಊಟದ ನಂತರ ನಡೆಸುತ್ತೇನೆ, ಆಗ ಮೂವತ್ತು ಜನ ಸೇರುತ್ತಾರೆ.

2023ರಲ್ಲಿ ಕೇಂದ್ರದ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಗಳು ಸೇರಿ ಈ ಕಾರ್ಯಕ್ರಮ ಆರಂಭಿಸಿದವು. ಮೊದಲ ಹಂತದ 12 ರಾಜ್ಯಗಳಲ್ಲಿ ನಮ್ಮದೂ ಒಂದು. ನಮಗೆ ಸಿಗುವುದು ಮಾಡಿದ ಕೆಲಸಕ್ಕೆ ತಕ್ಕ ಹಣವೇ ಹೊರತು ಸಂಬಳವಲ್ಲ. ವರ್ಷಕ್ಕೆ 60,000ದಿಂದ 80,000 ರೂಪಾಯಿವರೆಗೆ ಗಳಿಸಬಹುದೆಂದು ಸರ್ಕಾರ ಹೇಳಿದೆ. ಆ ಗಳಿಕೆ ಬರುವುದು ಇಲಾಖೆಗಳು ಕೆಲಸ ವಹಿಸಿ, ಸಕಾಲಕ್ಕೆ ಹಣ ಕೊಟ್ಟಾಗ ಮಾತ್ರ. ಆದ್ದರಿಂದ ಅಧಿಕಾರಿಯ ಜಾಗಕ್ಕೆ ಕಡಿಮೆ ಖರ್ಚಿನಲ್ಲಿ ಸಖಿಯನ್ನು ತಂದು ನಿಲ್ಲಿಸಿದರಾಯಿತು ಎಂಬ ಲೆಕ್ಕ ತಮ್ಮ ಸಮಿತಿಯಲ್ಲಿದ್ದರೆ ದಯವಿಟ್ಟು ಕೈಬಿಡಿ. ಅನುವುಗಾರರಿಗೆ ಆದದ್ದೇ ನಮಗೂ ಆಗುತ್ತದೆ.

ಹಣದ ಮಾತನ್ನು ಬದಿಗಿಟ್ಟು ಇನ್ನೊಂದನ್ನು ಹೇಳಬೇಕು. ಹೋದ ವರ್ಷ ನಮ್ಮ ಸಂಘದ ಒಬ್ಬ ಸದಸ್ಯೆಯ ಶೇಂಗಾ ಹಳದಿಗೆ ತಿರುಗಿತು. ನನ್ನ ತಿಳಿವಳಿಕೆಯಂತೆ ಸಾರಜನಕದ ಕೊರತೆಯೆಂದು ಯೂರಿಯಾ ಹಾಕಿಸಿದೆ. ಒಂಬತ್ತು ದಿನವಾದ ಮೇಲೆ ಅಧಿಕಾರಿಗಳು ಬಂದು ಗಿಡವನ್ನು ನನ್ನ ಕೈಗೇ ಕೊಟ್ಟು ಯಾವ ಎಲೆ ಮೊದಲು ಹಳದಿಯಾಗಿದೆ ನೋಡು ತಾಯಿ ಎಂದರು. ತುದಿಯ ಎಳೆಯ ಎಲೆಗಳು ಬಿಳಿಚಿಕೊಂಡಿದ್ದವು, ನರಗಳು ಮಾತ್ರ ಹಸಿರಾಗಿದ್ದವು. ಬುಡದ ಹಳೆಯ ಎಲೆಗಳು ಚೆನ್ನಾಗಿಯೇ ಇದ್ದವು. ಸಾರಜನಕ ಕಡಿಮೆಯಾದರೆ ಹಳೆಯ ಎಲೆ ಮೊದಲು, ಕಬ್ಬಿಣ ಕಡಿಮೆಯಾದರೆ ಎಳೆಯ ಎಲೆ ಮೊದಲು. ಸುಣ್ಣದಂಶ ಹೆಚ್ಚಿರುವ ನಮ್ಮ ಮಣ್ಣಿನಲ್ಲಿ ಶೇಂಗಾಕ್ಕೆ ಇದು ಸಾಮಾನ್ಯವಂತೆ. ಅನ್ನಭೇದಿಯ (ಕಬ್ಬಿಣದ ಸಲ್ಫೇಟ್) ದ್ರಾವಣ ಸಿಂಪಡಿಸಿದ ಮೇಲೆ ಹಸಿರು ಮರಳಿತು. ನನ್ನ ಮಾತು ಕೇಳಿ ಆ ಅಕ್ಕ ಯೂರಿಯಾಕ್ಕೆ ಹಾಕಿದ ಹಣ ಹೋಯಿತು, ಎಂಟೊಂಬತ್ತು ದಿನವೂ ಹೋಯಿತು. ಅಂದಿನಿಂದ ಎಲೆಯ ಬಣ್ಣ ಕಂಡು ನಾನು ಒಬ್ಬಳೇ ತೀರ್ಮಾನಿಸುವುದಿಲ್ಲ.

ಬೀಜೋಪಚಾರ, ಜೀವಾಮೃತ, ಮಣ್ಣಿನ ಮಾದರಿ, ಕುಡಿ ಚಿವುಟುವುದು, ಕಾಳು ಕಾಪಿಡುವುದು, ಇವನ್ನು ಸಖಿಯರು ಅಧಿಕಾರಿಗಿಂತ ಚೆನ್ನಾಗಿ ಮಾಡಿ ತೋರಿಸಬಲ್ಲರು. ರೋಗ ಗುರುತಿಸಿ ಔಷಧ ಹೇಳುವ ಹೊಣೆಯನ್ನು ನಮ್ಮ ಮೇಲೆ ಹೊರಿಸಬೇಡಿ. ನಿಗದಿತ ದಿನ ಅಧಿಕಾರಿ ಬರುವುದಾದರೆ, ಹದಿನಾಲ್ಕು ದಿನ ಬಂದ ಪ್ರಶ್ನೆಗಳನ್ನು ನಾನು ಪುಸ್ತಕದಲ್ಲಿ ಬರೆದು, ನೋಡಲೇಬೇಕಾದ ಐದಾರು ಹೊಲಗಳನ್ನು ಗುರುತು ಮಾಡಿ ಇಟ್ಟಿರುತ್ತೇನೆ. ಆಗ ಅವರ ಅರ್ಧ ದಿನ ವ್ಯರ್ಥವಾಗುವುದಿಲ್ಲ.

ಉತ್ತರ 3: ವಿಸ್ತರಣಾ ಶಿಕ್ಷಣ ಬೋಧಕ, ಧಾರವಾಡ

ನಿಗದಿತ ದಿನದ ಭೇಟಿಯನ್ನು ಉಳಿಸಬೇಕೆಂಬ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೆ ತರಬೇತಿ ಮತ್ತು ಭೇಟಿ ಪದ್ಧತಿಯನ್ನು ಹಾಗೆಯೇ ಮರಳಿ ತರುವುದು ಬೇಡ. ಸಲಹೆಯನ್ನು ಉಳಿದವರಿಗೆ ದಾಟಿಸಲು ಸಂಪರ್ಕ ರೈತರೆಂದು ಆಯ್ಕೆಯಾದವರು ಬಹುಮಟ್ಟಿಗೆ ಊರಿನ ದೊಡ್ಡ ಹಿಡುವಳಿದಾರರೇ ಆಗಿದ್ದರು, ಮತ್ತು ಮೇಲಿನಿಂದ ಬಂದ ಒಂದೇ ಸಂದೇಶ ನೀರಾವರಿ ಹೊಲಕ್ಕೂ ಮಳೆಯಾಶ್ರಿತ ಹೊಲಕ್ಕೂ ಹೋಗುತ್ತಿತ್ತು. ಅಕ್ಕನವರು ಹೇಳಿದ ಪ್ರಶ್ನೆಗಳ ಪುಸ್ತಕ ಈ ದೋಷಕ್ಕೆ ಒಳ್ಳೆಯ ಮದ್ದು. ಅದರಿಂದ ಭೇಟಿಯ ವಿಷಯವನ್ನು ಹೊಲವೇ ನಿರ್ಧರಿಸುತ್ತದೆ.

ಗೊಬ್ಬರದ ಅಂಗಡಿಯನ್ನು ತಾವು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. 2003ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ವಿಸ್ತರಣಾ ಕಾರ್ಯಕರ್ತರಿಂದ ಮಾಹಿತಿ ಪಡೆದ ರೈತ ಕುಟುಂಬಗಳು ದೇಶದಲ್ಲಿ ಶೇ 5.7 ಮಾತ್ರ, ಅಂಗಡಿಯವರಿಂದ ಪಡೆದವರು ಶೇ 13.1, ಇತರ ಪ್ರಗತಿಪರ ರೈತರಿಂದ ಪಡೆದವರು ಶೇ 16.7. ಸಿಬ್ಬಂದಿ ಕಡಿಮೆಯಾದಷ್ಟೂ ಅಂಗಡಿಯವರೇ ವಿಸ್ತರಣಾಧಿಕಾರಿಗಳಾಗುತ್ತಾರೆ. ಅವರಿಗಾಗಿ ಹೈದರಾಬಾದಿನ ಮ್ಯಾನೇಜ್ (ರಾಷ್ಟ್ರೀಯ ಕೃಷಿ ವಿಸ್ತರಣಾ ನಿರ್ವಹಣಾ ಸಂಸ್ಥೆ) 2003ರಲ್ಲಿ ಆರಂಭಿಸಿದ ದೇಸಿ ಎಂಬ ಒಂದು ವರ್ಷದ ಡಿಪ್ಲೊಮಾ ಇದೆ. ವಾರಕ್ಕೊಂದು ದಿನ ತರಗತಿ. ತಮ್ಮ ಹೋಬಳಿಯ ಅಂಗಡಿಯವರಲ್ಲಿ ಎಷ್ಟು ಜನ ಅದನ್ನು ಮುಗಿಸಿದ್ದಾರೆಂದು ಸಮಿತಿ ಕೇಳಲಿ. ಮಾರುವವನ ಸಲಹೆಗೆ ಮಾರಾಟದ ಒಲವು ಇದ್ದೇ ಇರುತ್ತದೆ, ಡಿಪ್ಲೊಮಾ ಅದನ್ನು ತೆಗೆಯಲಾರದು. ಕಿತ್ತ ಗಿಡವನ್ನು ತರಿಸಿ ನೋಡಿಯೇ ಔಷಧ ಕೊಡುವ ಅಭ್ಯಾಸವನ್ನಾದರೂ ಅದು ಕಲಿಸುತ್ತದೆ.

ಫೋನ್ ಸಲಹೆಯ ಬಗ್ಗೆ ಒಂದು ಮಾತು. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ, ಕನ್ನಡದಲ್ಲೂ ಉತ್ತರ ಸಿಗುತ್ತದೆ; ಗೊತ್ತಿರುವ ಸಮಸ್ಯೆಗೆ ಗೊತ್ತಿರುವ ಉತ್ತರ ಕೊಡಲು ಅದು ಸಾಕು. ಆದರೆ 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲೇ ಮೊದಲ ಬಾರಿಗೆ ಪತ್ತೆಯಾದದ್ದು, ಯಾರೋ ಹೊಲಕ್ಕಿಳಿದು ಸುಳಿಯನ್ನು ಬಿಡಿಸಿ ಹುಳುವನ್ನು ಕೈಗೆತ್ತಿಕೊಂಡು ಪರೀಕ್ಷಿಸಿದ್ದರಿಂದ. ಆ ವರ್ಷವೇ ಅದು ನೆರೆಯ ರಾಜ್ಯಗಳಿಗೂ ಹಬ್ಬಿತು. ಹೊಸ ಕೀಟ ಬಂದಾಗ ಫೋನಿನ ಆ ಕಡೆ ಕೂತವರಿಗೂ ಅದರ ಹೆಸರು ಗೊತ್ತಿರುವುದಿಲ್ಲ.

ಹಣದ ವಿಷಯದಲ್ಲಿ ಒಂದು ದಾರಿ ತೋರುತ್ತದೆ. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ ಕೊಡಬಹುದಾದ 29 ವಿಷಯಗಳಲ್ಲಿ ಮೊದಲನೆಯದೇ ಕೃಷಿ, ಅದೂ ವಿಸ್ತರಣೆಯನ್ನು ಹೆಸರಿಸಿಯೇ. 15ನೆಯ ಹಣಕಾಸು ಆಯೋಗವು 2021-26ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 40 ಅನಿರ್ಬಂಧಿತವಾಗಿತ್ತು. ಸಂಬಳ ಮತ್ತು ಕಚೇರಿ ಖರ್ಚನ್ನು ಬಿಟ್ಟು ಈ 29 ವಿಷಯಗಳಲ್ಲಿ ಯಾವುದಕ್ಕಾದರೂ ಬಳಸಲು ಅವಕಾಶವಿತ್ತು. ಅಂಥ ಅನುದಾನ ಬಂದಾಗಲೆಲ್ಲ ಪ್ರಾತ್ಯಕ್ಷಿಕೆ, ಮಣ್ಣು ಪರೀಕ್ಷೆ, ಕ್ಷೇತ್ರೋತ್ಸವಗಳನ್ನು ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಸೇರಿಸಿಕೊಳ್ಳಿ. ಸಿಬ್ಬಂದಿಯ ಸಂಬಳ ಮಾತ್ರ ಇಲಾಖೆಯ ಹೊಣೆಯಾಗಿಯೇ ಉಳಿಯಬೇಕು, ಅದನ್ನು ಪಂಚಾಯಿತಿಯ ಹೆಗಲಿಗೆ ಜಾರಿಸಲು ಬಿಡಬಾರದು. 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗವು 128 ಕೃಷಿ ಅಧಿಕಾರಿ ಮತ್ತು 817 ಸಹಾಯಕ ಕೃಷಿ ಅಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಿತ್ತು. ತಮ್ಮ ಹೋಬಳಿಯ ಖಾಲಿ ಹುದ್ದೆಯನ್ನು ತುಂಬುವಂತೆ ಅಭಿಪ್ರಾಯದಲ್ಲೇ ಬರೆದು ಕೇಳಿ. ಇರುವವರಲ್ಲೇ ನಿಭಾಯಿಸುತ್ತೇವೆಂದು ಬರೆದರೆ ಅದನ್ನೇ ಒಪ್ಪಿಗೆಯೆಂದು ತಿಳಿಯುತ್ತಾರೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೈಮುಗಿದು ವಂದಿಸುತ್ತೇನೆ. ನಿನ್ನೆ ಸಮಿತಿಯ ಇತರ ಸದಸ್ಯರ ಜೊತೆ ಕೂತು ಕರಡನ್ನು ಬದಲಿಸಿದ್ದೇನೆ. ಕೇಂದ್ರಗಳನ್ನು ಒಂದುಗೂಡಿಸುವ ಸಲಹೆಯನ್ನು ಕೈಬಿಟ್ಟಿದ್ದೇವೆ. ಖಾಲಿ ಹುದ್ದೆ ತುಂಬಬೇಕೆಂಬ ಬೇಡಿಕೆಯೇ ಈಗ ಮೊದಲ ಅಂಶ. ಮಾರಾಟದ ಕೆಲಸವನ್ನು ನಮ್ಮ ಸಹಕಾರ ಸಂಘ ವಹಿಸಿಕೊಳ್ಳುವ ಬಗ್ಗೆ ಕಾರ್ಯದರ್ಶಿಯವರ ಜೊತೆ ಮಾತಾಡಿದೆ. ಗೋದಾಮು ಇದೆ, ಕಂಪ್ಯೂಟರ್ ಇದೆ, ಬಿತ್ತನೆಯ ಆರು ವಾರಗಳಿಗೆ ಒಬ್ಬ ಹುಡುಗನ ಕೂಲಿ ಯಾರು ಕೊಡುತ್ತಾರೆ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ, ಇನ್ನೂ ಉತ್ತರ ಸಿಕ್ಕಿಲ್ಲ.

ಏಳು ಗುಂಪುಗಳ ಪಟ್ಟಿಯನ್ನು ಸಹಾಯಕ ಅಧಿಕಾರಿಗಳೇ ಕುಳಿತು ಮಾಡಿಕೊಟ್ಟರು. ಹಳ್ಳದ ಆಚೆಯ ಎರಡು ಊರುಗಳಿಗೆ ಮಳೆಗಾಲದಲ್ಲಿ ದಾರಿ ಕಟ್ಟಾಗುವುದರಿಂದ ಅವುಗಳ ವಾರವನ್ನು ಬುಧವಾರಕ್ಕೆ, ಸಂತೆಗೆ ಜನ ಈಚೆ ಬರುವ ದಿನಕ್ಕೆ, ಇಟ್ಟಿದ್ದೇವೆ. ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಊರಿನ ಹೆಸರು ಮತ್ತು ಭೇಟಿಯ ವಾರವನ್ನು ಬಣ್ಣದಲ್ಲಿ ಬರೆಸುತ್ತೇವೆ. ಮೊದಲ ಸುತ್ತು ಮೇ ತಿಂಗಳ ಎರಡನೆಯ ವಾರಕ್ಕೆ, ಬೀಜೋಪಚಾರದ ಪ್ರಾತ್ಯಕ್ಷಿಕೆಯೊಂದಿಗೆ.

ಕೊಪ್ಪಳದ ಅಕ್ಕನವರೇ, ತಮ್ಮ ಪ್ರಶ್ನೆ ಪುಸ್ತಕದಲ್ಲಿ ಯಾವ ಯಾವ ಕಾಲಂಗಳಿವೆ ಎಂದು ತಿಳಿಸುವಿರಾ? ನಮ್ಮ ಹೋಬಳಿಯಲ್ಲಿ ಆರು ಜನ ಸಖಿಯರಿದ್ದಾರೆ. ಅವರಿಗೆ ಕೊಡಲು ಪುಸ್ತಕಗಳನ್ನು ತಂದಿಟ್ಟಿದ್ದೇನೆ. ಗೆರೆ ಎಳೆಯುವುದೊಂದು ಬಾಕಿಯಿದೆ.